ಕೋಲಿ ಶ್ವಾನದ ಆರೋಗ್ಯ ಪಾಲನೆ: ಚೆನ್ನೈ ಕನ್ನಡ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಉದ್ದನೆಯ ಮೂತಿ, ಕತ್ತಿನ ಸುತ್ತ ದಟ್ಟವಾದ ಬಿಳಿಯ ಕೇಸರ, ಬಾದಾಮಿಯಾಕಾರದ ಶಾಂತ ಕಣ್ಣುಗಳು. ಕೋಲಿ ಶ್ವಾನವನ್ನು ಒಮ್ಮೆ ಕಂಡವರು ಸುಲಭವಾಗಿ ಮರೆಯುವುದಿಲ್ಲ. ಮಕ್ಕಳೊಡನೆ ಸೌಮ್ಯವಾಗಿ ವರ್ತಿಸುವ, ಹೇಳಿದ್ದನ್ನು ಬೇಗ ಗ್ರಹಿಸುವ ಈ ತಳಿಯನ್ನು ನಮ್ಮ ಟಿ. ನಗರ ಮತ್ತು ಸುತ್ತಲಿನ ಬಡಾವಣೆಗಳ ಕೆಲವು ಮನೆಗಳಲ್ಲಿ ಸಾಕುತ್ತಿದ್ದಾರೆ. ಆದರೆ ಸ್ಕಾಟ್ಲೆಂಡಿನ ತಂಪು ಗುಡ್ಡಗಳಲ್ಲಿ ಕುರಿಮಂದೆ ಕಾಯುವುದಕ್ಕಾಗಿ ರೂಪುಗೊಂಡ ಈ ಪ್ರಾಣಿಯನ್ನು ಬಂಗಾಳ ಕೊಲ್ಲಿಯ ತೀರದ ಸೆಕೆಯಲ್ಲಿ, ಮೂರನೆಯ ಅಂತಸ್ತಿನ ಮನೆಯೊಂದರಲ್ಲಿ ಆರೋಗ್ಯವಾಗಿ ಇಟ್ಟುಕೊಳ್ಳುವುದು ಸುಲಭದ ಮಾತಲ್ಲ.

ಇದರಲ್ಲಿ ಎರಡು ಮುಖ್ಯ ತೊಡಕುಗಳಿವೆ. ಒಂದು, ಚೆನ್ನೈನ ಹವೆ. ಇದು ಎಲ್ಲರ ಕಣ್ಣಿಗೂ ಬೀಳುವಂಥದು. ಇನ್ನೊಂದು, ಔಷಧ. ಇತರ ನಾಯಿಗಳಿಗೆ ದಿನನಿತ್ಯ ಕೊಡುವ ಕೆಲವು ಸಾಮಾನ್ಯ ಔಷಧಗಳು ಬಹುಪಾಲು ಕೋಲಿಗಳಿಗೆ ವಿಷವಾಗಬಲ್ಲವು. ಈ ಎರಡನೆಯ ಸಂಗತಿ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದಲೇ ಹೆಚ್ಚು ಅಪಾಯಕಾರಿ. ಈ ಲೇಖನದಲ್ಲಿ ಅದಕ್ಕೆ ಮೊದಲ ಸ್ಥಾನ ಕೊಡಲಾಗಿದೆ.

ತಳಿಯ ಪರಿಚಯ

ಕೋಲಿಯಲ್ಲಿ ನೀಳ ಕೂದಲಿನದು ಮತ್ತು ಗಿಡ್ಡ ಕೂದಲಿನದು ಎಂಬ ಎರಡು ಬಗೆಗಳಿವೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ನೀಳ ಕೂದಲಿನದು. 1860ರ ದಶಕದಲ್ಲಿ ವಿಕ್ಟೋರಿಯಾ ರಾಣಿ ತನ್ನ ಬಾಲ್ಮೋರಲ್ ಅರಮನೆಯಲ್ಲಿ ಇವುಗಳನ್ನು ಸಾಕತೊಡಗಿದ ಮೇಲೆ ಕುರುಬರ ನಾಯಿ ಶ್ರೀಮಂತರ ಮನೆಗಳನ್ನು ಪ್ರವೇಶಿಸಿತು. ಎರಿಕ್ ನೈಟ್ ಅವರ 1940ರ ಕಾದಂಬರಿ ಹಾಗೂ ಅದನ್ನು ಆಧರಿಸಿದ 1943ರ ಚಲನಚಿತ್ರದಿಂದ 'ಲ್ಯಾಸಿ' ಎಂಬ ಹೆಸರು ಲೋಕಪ್ರಸಿದ್ಧವಾಯಿತು. ನಮ್ಮಲ್ಲಿ ಇಂದಿಗೂ ಹಲವರು ಈ ತಳಿಯನ್ನೇ 'ಲ್ಯಾಸಿ ನಾಯಿ' ಎಂದು ಕರೆಯುತ್ತಾರೆ. ಚಿತ್ರದಲ್ಲಿ ಆ ಹೆಣ್ಣುನಾಯಿಯ ಪಾತ್ರ ವಹಿಸಿದ್ದು 'ಪಾಲ್' ಎಂಬ ಗಂಡುನಾಯಿ ಎಂಬುದು ಸ್ವಾರಸ್ಯದ ಸಂಗತಿ.

ಬೆಳೆದ ಗಂಡು ಸುಮಾರು 27ರಿಂದ 34 ಕಿಲೋ, ಹೆಣ್ಣು 23ರಿಂದ 30 ಕಿಲೋ ತೂಗುತ್ತದೆ. ಆಯಸ್ಸು ಸಾಮಾನ್ಯವಾಗಿ 12ರಿಂದ 14 ವರ್ಷ. ಬಾರ್ಡರ್ ಕೋಲಿ ಎಂಬುದು ಬೇರೆಯೇ ತಳಿ. ಈ ಲೇಖನದ ಹವಾಮಾನ, ಆಹಾರ ಮುಂತಾದ ಸಲಹೆಗಳು ಅದಕ್ಕೂ ಅನ್ವಯಿಸುತ್ತವೆಯಾದರೂ, ಮುಂದೆ ವಿವರಿಸುವ ಔಷಧ ದೋಷ ಅದರಲ್ಲಿ ಅಪರೂಪ.

ಔಷಧದ ವಿಷಯದಲ್ಲಿ ಅತ್ಯಂತ ಎಚ್ಚರಿಕೆ

ಐವರ್ಮೆಕ್ಟಿನ್ ಎಂಬ ಔಷಧದ ಹೆಸರನ್ನು ಕೋವಿಡ್ ಕಾಲದಲ್ಲಿ ಬಹುಮಂದಿ ಕೇಳಿರಬಹುದು. ಮೂಲತಃ ಇದು ಹುಳು, ಕಜ್ಜಿ, ಹೇನು ಮುಂತಾದ ಪರಾವಲಂಬಿಗಳನ್ನು ಕೊಲ್ಲುವ ಔಷಧ. ಪಶುವೈದ್ಯದಲ್ಲಿ 1981ರಲ್ಲಿ ಬಳಕೆಗೆ ಬಂದಿತು. ಇದರ ಶೋಧಕ್ಕಾಗಿ ವಿಲಿಯಂ ಕ್ಯಾಂಬೆಲ್ ಮತ್ತು ಸತೋಶಿ ಓಮುರ ಅವರಿಗೆ 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಮನುಷ್ಯರಿಗೂ ದನಕರುಗಳಿಗೂ ಮಹದುಪಕಾರ ಮಾಡಿದ ಈ ಔಷಧವು ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಕೋಲಿಗಳಿಗೆ ಮಾತ್ರ ಮಾರಕವಾಗುತ್ತಿರುವುದು ಕಂಡುಬಂದಿತು. ಇತರ ನಾಯಿಗಳು ಸಲೀಸಾಗಿ ತಾಳಿಕೊಂಡ ಪ್ರಮಾಣದಿಂದ ಕೋಲಿಗಳು ತೂರಾಡಿ, ಕುರುಡಾಗಿ, ಪ್ರಜ್ಞೆ ತಪ್ಪಿ ಬೀಳುತ್ತಿದ್ದವು. ಬಿಳಿಯ ಪಾದದ ನಾಯಿಗೆ ಈ ಔಷಧ ಬೇಡ ಎಂಬ ನಾಣ್ನುಡಿಯೇ ಪಾಶ್ಚಾತ್ಯ ಪಶುವೈದ್ಯರಲ್ಲಿ ಹುಟ್ಟಿಕೊಂಡಿತು.

ಕಾರಣ ತಿಳಿದದ್ದು 2001ರಲ್ಲಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಡಾ. ಕತ್ರಿನಾ ಮೀಲಿ ಮತ್ತು ಸಹೋದ್ಯೋಗಿಗಳು, ಎಂ.ಡಿ.ಆರ್. 1 ಎಂಬ ಜೀನಿನಲ್ಲಿ ಒಂದು ಚಿಕ್ಕ ತುಣುಕು ಬಿಟ್ಟುಹೋಗಿರುವುದೇ ಇದಕ್ಕೆ ಮೂಲವೆಂದು ತೋರಿಸಿದರು. ಈ ಜೀನಿನ ಸಹಾಯದಿಂದ ತಯಾರಾಗುವ ಒಂದು ಪ್ರೋಟೀನು ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಕಾವಲುಗಾರನಂತೆ ನಿಂತು, ಒಳನುಗ್ಗುವ ಕೆಲವು ಔಷಧಗಳನ್ನು ಹೊರಕ್ಕೆ ತಳ್ಳುತ್ತದೆ. ಜೀನಿನ ಎರಡೂ ಪ್ರತಿಗಳು ದೋಷಯುಕ್ತವಾಗಿರುವ ನಾಯಿಯಲ್ಲಿ ಈ ಕಾವಲುಗಾರನೇ ಇರುವುದಿಲ್ಲ. ಔಷಧವು ಮಿದುಳಿನಲ್ಲಿ ಶೇಖರವಾಗುತ್ತದೆ. ಅಮೆರಿಕದಲ್ಲಿ ಪರೀಕ್ಷಿಸಲಾದ ಕೋಲಿಗಳಲ್ಲಿ ಪ್ರತಿ ಹತ್ತರಲ್ಲಿ ಸುಮಾರು ಏಳರಲ್ಲಿ ಈ ದೋಷದ ಒಂದಾದರೂ ಪ್ರತಿ ಕಂಡುಬಂದಿದೆ. ಆಸ್ಟ್ರೇಲಿಯನ್ ಶೆಫರ್ಡ್, ಶೆಟ್ಲೆಂಡ್ ಶೀಪ್‌ಡಾಗ್ ತಳಿಗಳಲ್ಲಿಯೂ, ಇವುಗಳ ರಕ್ತ ಬೆರೆತ ಮಿಶ್ರ ತಳಿಗಳಲ್ಲಿಯೂ ಇದು ಇರಬಹುದು.

ಒಂದು ಸರಳ ಲೆಕ್ಕ

ಬ್ಯಾಂಕಿನ ಉದ್ಯೋಗಿಯಾದ ನನಗೆ ಈ ಅಪಾಯ ಸ್ಪಷ್ಟವಾದದ್ದು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ. ಹೃದಯದ ಹುಳುವನ್ನು ತಡೆಯಲು ತಿಂಗಳಿಗೊಮ್ಮೆ ಕೊಡುವ ಐವರ್ಮೆಕ್ಟಿನ್ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 6 ಮೈಕ್ರೋಗ್ರಾಂ. ಇದು ದೋಷವಿರುವ ಕೋಲಿಗಳಿಗೂ ಸುರಕ್ಷಿತ. ಕಜ್ಜಿ ರೋಗಕ್ಕೆ ಕೊಡುವ ಪ್ರಮಾಣವಾದರೋ ಪ್ರತಿ ಕಿಲೋಗೆ 300ರಿಂದ 600 ಮೈಕ್ರೋಗ್ರಾಂ, ಅಂದರೆ 50ರಿಂದ 100 ಪಟ್ಟು. ದೋಷವಿರುವ ಕೋಲಿಯಲ್ಲಿ ಪ್ರತಿ ಕಿಲೋಗೆ 100 ಮೈಕ್ರೋಗ್ರಾಂ ಆಸುಪಾಸಿನಲ್ಲಿಯೇ ತೀವ್ರ ವಿಷಬಾಧೆ ಕಾಣಿಸಿಕೊಳ್ಳಬಹುದು.

ಈಗ 25 ಕಿಲೋ ತೂಗುವ ಕೋಲಿಯನ್ನು ತೆಗೆದುಕೊಳ್ಳಿ. ಮನುಷ್ಯರ ಔಷಧದಂಗಡಿಯಲ್ಲಿ ದೊರೆಯುವ 12 ಮಿಲಿಗ್ರಾಂನ ಒಂದು ಮಾತ್ರೆ ಕೊಟ್ಟರೆ ಪ್ರತಿ ಕಿಲೋಗೆ 480 ಮೈಕ್ರೋಗ್ರಾಂ ಆಯಿತು. ದನಗಳಿಗೆಂದು ತಯಾರಾಗುವ ಶೇಕಡಾ 1ರ ಚುಚ್ಚುಮದ್ದಿನಲ್ಲಿ ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ ಔಷಧ ಇರುತ್ತದೆ. ಅದರ ಒಂದೇ ಮಿಲಿಲೀಟರು ಪ್ರತಿ ಕಿಲೋಗೆ 400 ಮೈಕ್ರೋಗ್ರಾಂ ಆಗುತ್ತದೆ. ಇವೆರಡೂ ಅಪಾಯದ ಗೆರೆಯ ನಾಲ್ಕು ಪಟ್ಟು ಅಥವಾ ಅದಕ್ಕೂ ಹೆಚ್ಚು. "ನಮ್ಮ ಹಳೆಯ ನಾಯಿಗೆ ಇದನ್ನೇ ಹಾಕಿಸಿದ್ದೆವು, ಏನೂ ಆಗಲಿಲ್ಲ" ಎಂಬ ನೆರೆಯವರ ಅನುಭವವನ್ನು ಕೋಲಿಗೆ ಅನ್ವಯಿಸಬಾರದೆಂಬುದು ಇದರಿಂದ ತಿಳಿಯುತ್ತದೆ.

ಗಮನಿಸಬೇಕಾದ ಇತರ ಔಷಧಗಳು

ಐವರ್ಮೆಕ್ಟಿನ್ ಒಂದೇ ಅಲ್ಲ. ಭೇದಿ ನಿಲ್ಲಿಸಲು ಮನೆಗಳಲ್ಲಿ ಇಟ್ಟುಕೊಳ್ಳುವ ಲೋಪರಮೈಡ್ ಮಾತ್ರೆಯೂ ಈ ದೋಷವಿರುವ ನಾಯಿಯ ಮಿದುಳನ್ನು ಮಂಕಾಗಿಸಿ ಅಪಾಯ ತರಬಲ್ಲದು. ಇದನ್ನು ಕೋಲಿಗೆ ಕೊಡಲೇಬಾರದು. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಅಸೆಪ್ರೊಮಝೀನ್, ಬ್ಯೂಟಾರ್ಫನಾಲ್ ಎಂಬ ಶಾಮಕಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಡಬೇಕಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಇದನ್ನು ಮುಂಚಿತವಾಗಿ ನೆನಪಿಸುವುದು ಮಾಲೀಕರ ಕರ್ತವ್ಯ. ಕ್ಯಾನ್ಸರ್ ಚಿಕಿತ್ಸೆಯ ವಿನ್‌ಕ್ರಿಸ್ಟೀನ್, ಡಾಕ್ಸೊರುಬಿಸಿನ್ ಔಷಧಗಳಿಗೂ ಇದೇ ಮಾತು. ಮಿಲ್ಬೆಮೈಸಿನ್, ಮಾಕ್ಸಿಡೆಕ್ಟಿನ್‌ಗಳು ಹೃದಯದ ಹುಳುವಿನ ಅಲ್ಪ ಪ್ರಮಾಣದಲ್ಲಿ ಸುರಕ್ಷಿತವಾದರೂ ಹೆಚ್ಚಿನ ಪ್ರಮಾಣದಲ್ಲಿ ಅಪಾಯಕಾರಿ.

ಓದುಗರು ಸಾಮಾನ್ಯವಾಗಿ ಊಹಿಸದ ಇನ್ನೊಂದು ಮಾರ್ಗವೂ ಇದೆ. ಐವರ್ಮೆಕ್ಟಿನ್ ಕೊಟ್ಟ ಹಸು, ಕುದುರೆಗಳ ಸಗಣಿ, ಲದ್ದಿಯಲ್ಲಿ ಔಷಧವು ಹೊರಬೀಳುತ್ತದೆ. ನಾಯಿಗಳಿಗೆ ಸಗಣಿ ನೆಕ್ಕುವ ಚಾಳಿ ಇರುವುದು ತಿಳಿದದ್ದೇ. ದನಗಳು ಅಡ್ಡಾಡುವ ಒಳರಸ್ತೆಗಳಲ್ಲಿ ಕೋಲಿಯನ್ನು ನಡೆಸುವಾಗ ಹಗ್ಗ ಬಿಗಿಯಾಗಿರಲಿ.

ವಿಷಬಾಧೆಯ ಲಕ್ಷಣಗಳು ಮತ್ತು ಪರಿಹಾರ

ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಹಿಗ್ಗುವುದು, ಕುಡಿದವರಂತೆ ತೂರಾಡುವುದು, ನಡುಕ, ವಾಂತಿ, ದೃಷ್ಟಿ ಕಾಣದೆ ಗೋಡೆಗೆ ತಾಗುವುದು, ಕ್ರಮೇಣ ಎಚ್ಚರ ತಪ್ಪುವುದು ಇದರ ಲಕ್ಷಣಗಳು. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಆದರೆ ಆಸ್ಪತ್ರೆಯಲ್ಲಿ ದ್ರವ, ಆಹಾರ, ಉಸಿರಾಟದ ನೆರವು ನೀಡುತ್ತ, ಮಗ್ಗುಲು ಬದಲಿಸುತ್ತ ಶುಶ್ರೂಷೆ ಮಾಡಿದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಎಚ್ಚರವಿಲ್ಲದೆ ಮಲಗಿದ್ದ ನಾಯಿಗಳು ಕೂಡ ಪೂರ್ಣವಾಗಿ ಚೇತರಿಸಿಕೊಂಡಿವೆ. ಆದುದರಿಂದ ಬೇಗನೆ ನಿರಾಶರಾಗಬಾರದು. ಮತ್ತು ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೆ ಹೊಟ್ಟೆಗೆ ಹೋಯಿತು ಎಂಬುದನ್ನು ಬರೆದುಕೊಂಡೇ ಆಸ್ಪತ್ರೆಗೆ ಹೋಗಬೇಕು.

ಈ ದೋಷವನ್ನು ಕೆನ್ನೆಯ ಒಳಭಾಗವನ್ನು ಉಜ್ಜಿ ತೆಗೆದ ಮಾದರಿಯಿಂದ ಅಥವಾ ರಕ್ತದಿಂದ ಜೀನ್ ಪರೀಕ್ಷೆ ಮಾಡಿ ತಿಳಿಯಬಹುದು. ಜೀವಮಾನಕ್ಕೊಮ್ಮೆ ಮಾಡಿಸಿದರೆ ಸಾಕು. ಫಲಿತಾಂಶ ಕೈಗೆ ಬರುವವರೆಗೂ ದೋಷ ಇದೆಯೆಂದೇ ಭಾವಿಸಿ ನಡೆಯುವುದು ಕ್ಷೇಮ. ನಮ್ಮ ಮನೆಯ ಕೋಲಿಯ ಆರೋಗ್ಯ ಕಡತದ ಮುಖಪುಟದಲ್ಲಿ ಕೆಂಪು ಶಾಯಿಯಿಂದ ಒಂದೇ ಸಾಲು ಬರೆದಿಟ್ಟಿದ್ದೇವೆ: "ಕೋಲಿ ತಳಿ, ಐವರ್ಮೆಕ್ಟಿನ್, ಲೋಪರಮೈಡ್ ಬೇಡ, ಅರಿವಳಿಕೆಗೆ ಮುನ್ನ ಗಮನಿಸಿ." ವೈದ್ಯರು ರಜೆಯ ಮೇಲಿದ್ದು ಬೇರೊಬ್ಬರು ನೋಡಿದಾಗ, ಮನೆಯ ಯಜಮಾನರ ಬದಲು ಕೆಲಸದವರು ಕರೆದೊಯ್ದಾಗ, ಆ ಸಾಲೇ ಮಾತನಾಡುತ್ತದೆ. ಪ್ರತಿಯೊಂದು ಕೋಲಿಯ ಮನೆಯಲ್ಲಿಯೂ ಇಂತಹದೊಂದು ಕಡತ ಇರಬೇಕು.

ಉಣ್ಣಿ ಮತ್ತು ಉಣ್ಣಿ ಜ್ವರ

ಚೆನ್ನೈಯಲ್ಲಿ ನಾಯಿಗಳನ್ನು ಅತಿಯಾಗಿ ಕಾಡುವ ತೊಂದರೆಗಳಲ್ಲಿ ಉಣ್ಣಿ ಮುಖ್ಯವಾದುದು. ಕಂದುಬಣ್ಣದ ನಾಯಿಯುಣ್ಣಿಗೆ ಇಲ್ಲಿನ ಸೆಕೆ ವರ್ಷವಿಡೀ ಹಿತ. ಹೆಣ್ಣುಣ್ಣಿ ನಾಯಿಯ ಮೈಯಿಂದ ಇಳಿದು ಗೋಡೆಯ ಬಿರುಕು, ಬಾಗಿಲಿನ ಸಂದು, ಹೂಕುಂಡದ ಅಡಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದುದರಿಂದ ನಾಯಿಗೆ ಮಾತ್ರ ಚಿಕಿತ್ಸೆ ಮಾಡಿ ಮನೆಯನ್ನು ಬಿಟ್ಟರೆ ಪ್ರಯೋಜನವಿಲ್ಲ. ಕೋಲಿಯ ದಟ್ಟ ಕೂದಲಿನೊಳಗೆ ಉಣ್ಣಿ ಕಣ್ಣಿಗೆ ಬೀಳುವುದೂ ಕಷ್ಟ. ದಿನವೂ ಕಿವಿಯ ಒಳಭಾಗ, ಕತ್ತಿನ ಕೇಸರ, ಕಂಕುಳು, ಕಾಲ್ಬೆರಳುಗಳ ಸಂದುಗಳನ್ನು ಬೆರಳಿನಿಂದ ತಡವಿ ನೋಡಬೇಕು. ಸಿಕ್ಕ ಉಣ್ಣಿಯನ್ನು ಚಿಮಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆಯಬೇಕು, ಬೆರಳಿನಿಂದ ಹಿಸುಕಬಾರದು.

ಉಣ್ಣಿ ಕಚ್ಚುವುದರಿಂದ ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳು ರಕ್ತಕ್ಕೆ ಸೇರುತ್ತವೆ. ಜ್ವರ, ಊಟ ಬಿಡುವುದು, ವಸಡು ಬಿಳಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ನೀಲಿ ಮಚ್ಚೆ ಕಂಡರೆ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಔಷಧವನ್ನು ನಾಲ್ಕು ವಾರ ಕೊಡುತ್ತಾರೆ. ನಾಯಿ ಲವಲವಿಕೆಯಿಂದ ಓಡಾಡತೊಡಗಿತೆಂದು ಮಧ್ಯದಲ್ಲಿ ನಿಲ್ಲಿಸುವುದು ಸರಿಯಲ್ಲ.

ಉಣ್ಣಿಗೂ ಕಜ್ಜಿಗೂ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಬಳಸುವ ಪದ್ಧತಿ ನಮ್ಮಲ್ಲಿ ಹಳೆಯದು. ಕೋಲಿಗೆ ಎದುರಾಗುವ ಅಪಾಯವೆಲ್ಲ ಇಲ್ಲಿಯೇ ಅಡಗಿದೆ. ಸಂತೋಷದ ಸಂಗತಿಯೆಂದರೆ ಈಗ ಬದಲಿ ಔಷಧಗಳಿವೆ. ಫ್ಲುರಲನರ್, ಅಫಾಕ್ಸೊಲನರ್ ಮುಂತಾದ, ಬಾಯಿಯ ಮೂಲಕ ಕೊಡುವ ಮಾತ್ರೆಗಳು ಉಣ್ಣಿಗೂ ಕಜ್ಜಿಯ ನುಸಿಗೂ ಪರಿಣಾಮಕಾರಿ. ನಿಗದಿತ ಪ್ರಮಾಣದಲ್ಲಿ ಕೋಲಿಗಳಿಗೂ ಸಾಮಾನ್ಯವಾಗಿ ಸುರಕ್ಷಿತ. ಹಿಂದೆ ಫಿಟ್ಸ್ ಬಂದಿದ್ದರೆ ಮಾತ್ರ ವೈದ್ಯರಿಗೆ ತಿಳಿಸಬೇಕು. ಕೆಲವು ಮಾತ್ರೆಗಳಲ್ಲಿ ಎರಡು ಔಷಧಗಳು ಬೆರೆತಿರುತ್ತವೆ. ಪೊಟ್ಟಣದ ಮೇಲಿನ ವ್ಯಾಪಾರಿ ಹೆಸರಿಗಿಂತ ಕೆಳಗಿನ ಚಿಕ್ಕ ಅಕ್ಷರದ ಔಷಧದ ಹೆಸರನ್ನು ಓದುವ ರೂಢಿ ಮಾಡಿಕೊಳ್ಳಿ.

ಚೆನ್ನೈ ಬೇಸಿಗೆ

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರಿನ ಗ್ರಂಥಿಗಳು ಪಾದದ ಅಡಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅದು ಮುಖ್ಯವಾಗಿ ಏದುಸಿರಿನಿಂದ, ನಾಲಗೆಯ ತೇವ ಆವಿಯಾಗುವುದರಿಂದ ಮೈ ತಣಿಸಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಆವಿಯಾಗುವಿಕೆ ಕುಗ್ಗುತ್ತದೆ. ಆದುದರಿಂದ ಕಲಬುರಗಿಯ ಒಣ ಬಿಸಿಲಿಗಿಂತ ಕಡಿಮೆ ಉಷ್ಣತೆಯ ದಿನವೂ ಚೆನ್ನೈಯಲ್ಲಿ ಕೋಲಿಗೆ ಹೆಚ್ಚು ಕಷ್ಟವಾಗಬಹುದು. ಮೇ ತಿಂಗಳ 'ಅಗ್ನಿ ನಕ್ಷತ್ರ'ದ ದಿನಗಳಲ್ಲಂತೂ ಬಹಳ ಎಚ್ಚರ ಬೇಕು. 2003ರ ಮೇ ಕೊನೆಯಲ್ಲಿ ಈ ನಗರದ ಉಷ್ಣತೆ 45 ಡಿಗ್ರಿ ಮುಟ್ಟಿತ್ತು.

ನಡಿಗೆಯನ್ನು ಬೆಳಗ್ಗೆ ಆರು ಗಂಟೆಯೊಳಗೆ ಮತ್ತು ರಾತ್ರಿ ಎಂಟರ ನಂತರ ಇಟ್ಟುಕೊಳ್ಳಿ. ಮುಂಜಾನೆ ವೆಂಕಟನಾರಾಯಣ ರಸ್ತೆಯ ಮರದ ನೆರಳಿನ ಕಾಲುದಾರಿ ಅನುಕೂಲ. ಪಾಂಡಿ ಬಜಾರಿನ ನಡೆದಾರಿ ಅಂಗಡಿ ತೆರೆಯುವ ಮುನ್ನ ಮಾತ್ರ ನಾಯಿಗೆ ಯೋಗ್ಯ. ನೆಲಕ್ಕೆ ಅಂಗೈಯ ಹಿಂಭಾಗವನ್ನು ಒತ್ತಿ ಏಳು ಸೆಕೆಂಡು ಹಿಡಿಯಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷಕ್ಕಾದರೂ ನಾಯಿಯನ್ನು ಬಿಡಬೇಡಿ. ಮನೆಯಲ್ಲಿ ಹವಾನಿಯಂತ್ರಕ ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತು ಒಳಕೋಣೆಯ ತಣ್ಣನೆಯ ನೆಲ, ಫ್ಯಾನು, ಎರಡು ಕಡೆ ಕುಡಿಯುವ ನೀರು ಕನಿಷ್ಠ ಏರ್ಪಾಡು. ತಾರಸಿಯಲ್ಲಿ ಕಟ್ಟಿಹಾಕುವುದು ಕ್ರೌರ್ಯವೇ ಸರಿ. ಮನೆಯವರೆಲ್ಲ ಕಚೇರಿಗೆ ಹೋಗುವವರಾದರೆ ವಿದ್ಯುತ್ ಕಡಿತವಾದಾಗ ಕಿಟಕಿ ತೆರೆಯಲು ನೆರೆಯವರೊಬ್ಬರ ಬಳಿ ಕೀಲಿಕೈ ಇರಲಿ.

ನಾಯಿಯ ಸಹಜ ಉಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 40.5 ದಾಟಿದರೆ ಅಪಾಯ. ನಿಲ್ಲದ ಏದುಸಿರು, ಕಡುಗೆಂಪು ನಾಲಗೆ, ಅಂಟಾದ ಜೊಲ್ಲು, ತೂರಾಟ, ವಾಂತಿ ಕಂಡೊಡನೆ ನೆರಳಿಗೆ ತಂದು, ಮೈಯೆಲ್ಲ, ವಿಶೇಷವಾಗಿ ಹೊಟ್ಟೆ ಮತ್ತು ತೊಡೆಯ ಸಂದಿಗೆ ಚರ್ಮ ಮುಟ್ಟುವಂತೆ ನೀರು ಸುರಿದು, ಫ್ಯಾನಿನ ಗಾಳಿ ಬಿಡಬೇಕು. ಒದ್ದೆ ಟವಲನ್ನು ಹೊದೆಸಿ ಬಿಡುವುದು ತಪ್ಪು. ಅದು ಶಾಖವನ್ನು ಒಳಗೇ ಉಳಿಸುತ್ತದೆ. ಮೊದಲು ತಣಿಸುವುದು, ಅನಂತರ ಸಾಗಿಸುವುದು ಈಗಿನ ವೈದ್ಯಕೀಯ ಸಲಹೆ. ಉಷ್ಣತೆ 39.5ಕ್ಕೆ ಇಳಿದೊಡನೆ ನೀರು ಹಾಕುವುದನ್ನು ನಿಲ್ಲಿಸಿ. ನಾಯಿ ಎದ್ದು ಕುಳಿತರೂ ವೈದ್ಯರಲ್ಲಿಗೆ ಒಯ್ಯಲೇಬೇಕು. ಮೂತ್ರಪಿಂಡದ ಹಾನಿ ಮತ್ತು ರಕ್ತ ಹೆಪ್ಪುಗಟ್ಟುವ ತೊಂದರೆ ಮರುದಿನ ತಲೆದೋರುವುದುಂಟು.

ಕೂದಲು ಮತ್ತು ಚರ್ಮ

ಸೆಕೆಯೆಂದು ಕೋಲಿಯ ಕೂದಲನ್ನು ಪೂರ್ತಿ ಬೋಳಿಸುವವರಿದ್ದಾರೆ. ಇದು ಸರಿಯಲ್ಲ. ಹೊರಗಿನ ಒರಟು ಕೂದಲು ಬಿಸಿಲನ್ನು ತಡೆಯುತ್ತದೆ; ಬೋಳಿಸಿದ ಮೇಲೆ ಚರ್ಮ ಸುಡುವುದಲ್ಲದೆ ಕೂದಲು ಮೊದಲಿನಂತೆ ಬೆಳೆಯದೆಯೂ ಹೋಗಬಹುದು. ತೆಗೆಯಬೇಕಾದದ್ದು ಒಳಗಿನ ಸತ್ತ ಮೃದು ತುಪ್ಪಳವನ್ನು. ವಾರಕ್ಕೆ ಮೂರು ದಿನ, ಕೂದಲು ಉದುರುವ ಕಾಲದಲ್ಲಿ ದಿನವೂ, ಬುಡದಿಂದ ಬಾಚಬೇಕು. ಕಿವಿಯ ಹಿಂದೆ, ತೊಡೆಯ ಹಿಂಭಾಗದಲ್ಲಿ ಗಂಟು ಬೀಳದಂತೆ ನೋಡಬೇಕು. ಹೊಟ್ಟೆಯ ಅಡಿಯ ಕೂದಲನ್ನು ಮಾತ್ರ ಸ್ವಲ್ಪ ಕತ್ತರಿಸಬಹುದು. ಸ್ನಾನದ ನಂತರ ಚರ್ಮದವರೆಗೂ ಒಣಗಿಸದಿದ್ದರೆ ಇಲ್ಲಿನ ತೇವದಲ್ಲಿ ಒಂದೇ ರಾತ್ರಿಯಲ್ಲಿ ಹುಣ್ಣು ಏಳುತ್ತದೆ. ಮೂಗಿನ ಕಪ್ಪು ಮಾಸಿ ಸಿಪ್ಪೆ ಏಳುವುದೂ ಈ ತಳಿಯಲ್ಲಿ ಕಾಣುವ ಕಾಯಿಲೆ. ಬಿಸಿಲು ಅದನ್ನು ಹೆಚ್ಚಿಸುತ್ತದೆಯಾದ್ದರಿಂದ ಬೇಗ ತೋರಿಸಬೇಕು.

ಮಳೆಗಾಲ ಮತ್ತು ಲಸಿಕೆ

ಅಕ್ಟೋಬರದಿಂದ ಡಿಸೆಂಬರದವರೆಗಿನ ಈಶಾನ್ಯ ಮಾರುತದ ಕಾಲದಲ್ಲಿ ಟಿ. ನಗರದ ಹಲವು ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಈ ಬಡಾವಣೆ 1920ರ ದಶಕದಲ್ಲಿ ಮಾಂಬಲದ ಹಳೆಯ ಕೆರೆಯ ಅಂಗಳದಲ್ಲಿ ತಲೆಯೆತ್ತಿದ್ದು ಎಂಬುದನ್ನು ನೆನೆದರೆ ಆಶ್ಚರ್ಯವಿಲ್ಲ. ಇಲಿಯ ಮೂತ್ರ ಬೆರೆತ ಇಂಥ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಹರಡುತ್ತದೆ. ಇದು ನಾಯಿಯ ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸುವುದಲ್ಲದೆ ಮನೆಮಂದಿಗೂ ಅಂಟಬಲ್ಲದು. ನಿಂತ ನೀರಿನಲ್ಲಿ ನಡೆಸಬೇಡಿ; ಅನಿವಾರ್ಯವಾದರೆ ಮನೆಗೆ ಬಂದೊಡನೆ ಕಾಲು ತೊಳೆದು ಒರೆಸಿ.

ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಲಸಿಕೆಯನ್ನು ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರ ತುಂಬುವವರೆಗೆ ಕೊಡಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅನಂತರ ವೈದ್ಯರು ಹೇಳಿದಂತೆ ವರ್ಷ ವರ್ಷ. ಲೆಪ್ಟೊ ಲಸಿಕೆಯ ಶಕ್ತಿ ವರ್ಷಕ್ಕಿಂತ ಹೆಚ್ಚು ನಿಲ್ಲದ ಕಾರಣ ಮಳೆಗಾಲಕ್ಕೆ ಮುನ್ನ ಹಾಕಿಸುವುದು ಜಾಣತನ.

ಕಣ್ಣು ಮತ್ತು ಹೊಟ್ಟೆ

'ಕೋಲಿ ಕಣ್ಣಿನ ದೋಷ' ಎಂಬ ಆನುವಂಶಿಕ ಕಾಯಿಲೆ ಈ ತಳಿಯಲ್ಲಿ ಬಹಳ ಸಾಮಾನ್ಯ. ಕಣ್ಣಿನ ಹಿಂಭಾಗದ ಪದರ ಸರಿಯಾಗಿ ಬೆಳೆದಿರುವುದಿಲ್ಲ. ಹೆಚ್ಚಿನ ನಾಯಿಗಳಿಗೆ ಇದರಿಂದ ತೊಂದರೆಯಾಗದು. ತೀವ್ರವಾದಾಗ ಅಕ್ಷಿಪಟ ಕಳಚಿ ದೃಷ್ಟಿ ಹೋಗಬಹುದು. ಆರರಿಂದ ಎಂಟು ವಾರದ ಮರಿಯಲ್ಲಿಯೇ ಪರೀಕ್ಷಿಸಬೇಕು. ಮುಂದೆ ಕಣ್ಣಿನೊಳಗೆ ಬಣ್ಣ ತುಂಬಿದಂತೆ ಸೌಮ್ಯ ದೋಷ ಮರೆಯಾಗಿಬಿಡುತ್ತದೆ.

ಎದೆ ಆಳವಾಗಿರುವ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ದಿನಕ್ಕೊಂದೇ ಭಾರಿ ಊಟದ ಬದಲು ಎರಡು ಮೂರು ಸಣ್ಣ ಊಟ ಕೊಡಿ; ಊಟದ ಹಿಂದೆ ಮುಂದೆ ಓಡಿಸಬೇಡಿ. ಹೊಟ್ಟೆ ಬಿಗಿದು, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದಿದ್ದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಅಡುಗೆಮನೆ ಮತ್ತು ಕೋಲಿಯ ತಟ್ಟೆ

ಸಸ್ಯಾಹಾರಿ ಮನೆಗಳಲ್ಲಿ ನಾಯಿಗೂ ಮೊಸರನ್ನವೇ ಊಟವಾಗುವುದುಂಟು. ಹೊಟ್ಟೆ ಕೆಟ್ಟ ದಿನ ಮೊಸರನ್ನ ಒಳ್ಳೆಯದೇ, ಆದರೆ ಅದೊಂದರಿಂದಲೇ 25 ಕಿಲೋ ತೂಗುವ ಪ್ರಾಣಿಗೆ ಬೇಕಾದ ಪ್ರೋಟೀನು, ಖನಿಜಗಳು ದೊರೆಯುವುದಿಲ್ಲ. ಮಾಂಸ ತರಲು ಇಷ್ಟವಿಲ್ಲದವರು ಸಮತೋಲಿತವಾದ ಸಿದ್ಧ ಆಹಾರವನ್ನು ಮುಖ್ಯವಾಗಿಟ್ಟುಕೊಂಡು, ಬೇಯಿಸಿದ ಮೊಟ್ಟೆ, ಪನೀರು, ಕುಂಬಳ, ಕ್ಯಾರೆಟ್‌ಗಳನ್ನು ಸೇರಿಸಬಹುದು.

ಕೊಡಬಾರದವು ನಮ್ಮ ಅಡುಗೆಮನೆಯಲ್ಲಿಯೇ ಇವೆ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ನಾಶಪಡಿಸುತ್ತವೆ. ಆದುದರಿಂದ ಉಳಿದ ಸಾಂಬಾರು, ಪಲ್ಯ ಬೇಡ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ; ಹಬ್ಬದ ಪಾಯಸ, ಕೇಸರಿಬಾತಿನಲ್ಲಿ ಇವು ಇದ್ದೇ ಇರುತ್ತವೆ. ಚಾಕೊಲೇಟು, ಸಕ್ಕರೆರಹಿತ ತಿಂಡಿಗಳಲ್ಲಿರುವ ಝೈಲಿಟಾಲ್ ಕೂಡ ಅಪಾಯಕಾರಿ. ಮಕ್ಕಳಿಗೂ ಅತಿಥಿಗಳಿಗೂ ಇದನ್ನು ಮೊದಲೇ ಹೇಳಿಡಬೇಕು. ಮನುಷ್ಯರ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಯಾವ ನಾಯಿಗೂ ಸ್ವಂತ ಬುದ್ಧಿಯಿಂದ ಕೊಡಕೂಡದು.

ಮನಸ್ಸಿನ ಆರೋಗ್ಯ

ಕೋಲಿ ಕೆಲಸದ ನಾಯಿ. ಕುರಿಯಿಲ್ಲದ ಮನೆಯಲ್ಲಿ ಅದು ಮಕ್ಕಳನ್ನೇ ಮಂದೆಯಂತೆ ಸುತ್ತುಗಟ್ಟಲು ನೋಡುತ್ತದೆ. ದಿನಕ್ಕೆ ಎರಡು ನಡಿಗೆಯ ಜೊತೆಗೆ ವಸ್ತು ಹುಡುಕುವ ಆಟ, ಹೆಸರು ಹೇಳಿದ ಆಟಿಕೆ ತರುವ ಅಭ್ಯಾಸ ಮುಂತಾದ ಬುದ್ಧಿಗೆ ಕೆಲಸ ಕೊಡುವ ಚಟುವಟಿಕೆ ಬೇಕು. ಸೆಕೆಯ ದಿನಗಳಲ್ಲಿ ಇವನ್ನು ಮನೆಯೊಳಗೇ ಆಡಬಹುದು. ದಿನವಿಡೀ ಒಂಟಿಯಾಗಿ ಬಿಟ್ಟರೆ ಬೊಗಳುವುದು, ಸ್ವಂತ ಕಾಲನ್ನು ನೆಕ್ಕಿ ಗಾಯ ಮಾಡಿಕೊಳ್ಳುವುದು ಆರಂಭವಾಗುತ್ತದೆ. ಗದರಿಕೆ ಈ ತಳಿಗೆ ಹಿಡಿಸದು; ಮೆಲುದನಿಯ ಮಾತೇ ಸಾಕು. ದೀಪಾವಳಿಯ ಪಟಾಕಿಗೆ ಬೆದರುವ ನಾಯಿಗೆ ಶಾಮಕ ಬೇಕೆನಿಸಿದರೆ, ಮೇಲೆ ಹೇಳಿದ ಔಷಧ ದೋಷವನ್ನು ನೆನಪಿಸಿ, ವೈದ್ಯರಿಂದ ಮುಂಚಿತವಾಗಿ ಬರೆಸಿಕೊಳ್ಳಿ.

ಆಸ್ಪತ್ರೆ, ಪರವಾನಗಿ ಮತ್ತು ಕಾನೂನು

ನಮ್ಮ ನಗರದ ಭಾಗ್ಯವೆಂದರೆ ವೇಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜು. 1903ರಲ್ಲಿ ಆರಂಭವಾದ ಈ ಸಂಸ್ಥೆ ಈಗ ತಮಿಳುನಾಡು ಪಶುವೈದ್ಯ ಮತ್ತು ಪಶುವಿಜ್ಞಾನ ವಿಶ್ವವಿದ್ಯಾಲಯದ ಭಾಗ. ಇದರ ಆಸ್ಪತ್ರೆಯಲ್ಲಿ ಸಾಕುಪ್ರಾಣಿಗಳಿಗೆ ತಜ್ಞ ಚಿಕಿತ್ಸೆ ದೊರೆಯುತ್ತದೆ. ಸಣ್ಣಪುಟ್ಟ ತೊಂದರೆಗೆ ಮನೆಯ ಸಮೀಪದ ವೈದ್ಯರೊಬ್ಬರನ್ನು ಖಾಯಂ ಮಾಡಿಕೊಂಡು, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿಟ್ಟುಕೊಳ್ಳಿ.

ಸಾಕುನಾಯಿಗೆ ಗ್ರೇಟರ್ ಚೆನ್ನೈ ಕಾರ್ಪೊರೇಷನ್ನಿನ ಪರವಾನಗಿ ಪಡೆಯಬೇಕು. ಇದಕ್ಕೆ ರೇಬೀಸ್ ಲಸಿಕೆಯ ಪ್ರಮಾಣಪತ್ರ ಅಗತ್ಯ. ವಸತಿ ಸಮುಚ್ಚಯದ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಿಂದ ಹೊರಗಿಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದರೆ ಹಗ್ಗ ಹಿಡಿದು ನಡೆಸುವುದು, ಮಲವನ್ನು ಎತ್ತುವುದು, ರಾತ್ರಿ ಬೊಗಳದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ನೆರೆಹೊರೆಯ ಸೌಹಾರ್ದವು ಕಾನೂನಿಗಿಂತ ದೊಡ್ಡದು.

ರಜೆಯಲ್ಲಿ ಊರಿಗೆ ಹೋಗುವಾಗ

ರೈಲಿನಲ್ಲಿ ಪ್ರಥಮ ದರ್ಜೆಯ ಇಡೀ ಕೂಪೆ ಅಥವಾ ಕೋಣೆಯನ್ನು ಕಾಯ್ದಿರಿಸಿದರೆ ಮಾತ್ರ ನಾಯಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಇಲ್ಲವಾದರೆ ಗಾರ್ಡಿನ ಬೋಗಿಯ ಪೆಟ್ಟಿಗೆಯಲ್ಲಿ ಸಾಗಿಸಬೇಕು. ಬೇಸಿಗೆಯಲ್ಲಿ ಆ ಪೆಟ್ಟಿಗೆ ಕೋಲಿಗೆ ತಕ್ಕುದಲ್ಲ. ಬೆಂಗಳೂರಿಗೆ ಕಾರಿನಲ್ಲಿ ಹೋಗುವವರು ನಸುಕಿನಲ್ಲಿ ಹೊರಡುವುದು ಲೇಸು. ಆರೋಗ್ಯ ಕಡತವೂ ಜೊತೆಗಿರಲಿ. ಊರಿನಲ್ಲಿ ಹಸುವಿಗೆಂದು ಬಂದ ವೈದ್ಯರು ಸದ್ಭಾವನೆಯಿಂದಲೇ ನಾಯಿಗೂ ಒಂದು ಚುಚ್ಚುಮದ್ದು ಹಾಕಿಬಿಡುವ ಸಂಭವ ಇರುತ್ತದೆ.

ಕೊಳ್ಳುವ ಮುನ್ನ ಯೋಚಿಸಿ

ಶ್ವಾನಪ್ರೀತಿ ನಮಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದಕ್ಕೆ ಸಾಕ್ಷಿ. 949ರಲ್ಲಿ ಇಂದಿನ ರಾಣಿಪೇಟೆ ಜಿಲ್ಲೆಯ ತಕ್ಕೋಲಂನಲ್ಲಿ, ನಮ್ಮ ಚೆನ್ನೈಗೆ ಪಶ್ಚಿಮಕ್ಕೆ ಕೆಲವೇ ಗಂಟೆಗಳ ದಾರಿಯಲ್ಲಿ, ಚೋಳರ ವಿರುದ್ಧ ಹೋರಾಡಿದ ವೀರ ಮಣಲೆರನಿಗೆ ಗಂಗ ದೊರೆ ಬೂತುಗ ಬೇಕಾದುದನ್ನು ಕೇಳೆಂದಾಗ, ಆತ ಬೇಡಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಸೆಣಸಿ ಮಡಿದಾಗ ಅದಕ್ಕೊಂದು ಸ್ಮಾರಕ ಕಲ್ಲು ನಿಂತಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ನೆಲದ ಗಿಡ್ಡ ಕೂದಲಿನ ಮುಧೋಳ, ರಾಜಪಾಳಯಂ, ಚಿಪ್ಪಿಪಾರೈ ತಳಿಗಳು ಇಲ್ಲಿನ ಬಿಸಿಲಿಗೆ ಹೊಂದಿಕೊಂಡವು. ಮುಧೋಳ, ರಾಜಪಾಳಯಂಗಳಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ದೊರೆತಿದೆ. ಓಡಲು ವಿಶಾಲ ಜಾಗ ಇರುವವರು ಇವನ್ನು ಯೋಚಿಸಬಹುದು. 1959ರಿಂದ ಕೆಲಸ ಮಾಡುತ್ತಿರುವ ಬ್ಲೂ ಕ್ರಾಸ್‌ನಂತಹ ಸಂಸ್ಥೆಯಿಂದ ಅನಾಥ ನಾಯಿಯನ್ನು ದತ್ತು ಪಡೆಯುವುದು ಇನ್ನೂ ಉತ್ತಮ. ಕೋಲಿಯೇ ಬೇಕೆನ್ನುವವರು ಮರಿಯ ತಂದೆ ತಾಯಿಗಳನ್ನು ಕಣ್ಣಾರೆ ನೋಡಿ, ಅವುಗಳ ಕಣ್ಣಿನ ಮತ್ತು ಜೀನಿನ ಪರೀಕ್ಷೆಯ ಫಲಿತಾಂಶ ಕೇಳಬೇಕು. ನೀಲಿಬೂದು ಮಚ್ಚೆಯ 'ಮರ್ಲ್' ಬಣ್ಣದ ಎರಡು ನಾಯಿಗಳಿಗೆ ಹುಟ್ಟಿದ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಆ ಜೀನನ್ನು ಎರಡೂ ಕಡೆಯಿಂದ ಪಡೆಯುತ್ತದೆ. ಅಂಥ ಮರಿಗೆ ಕಿವುಡು, ಕುರುಡು ಬರುವ ಸಂಭವ ಹೆಚ್ಚು.

ನೆನಪಿನಲ್ಲಿಡಬೇಕಾದ ಅಂಶಗಳು

1. ಪ್ರತಿ ವೈದ್ಯರಿಗೂ, ಪ್ರತಿ ಸಲವೂ "ಇದು ಕೋಲಿ" ಎಂದು ಮೊದಲು ಹೇಳಿ.

2. ಚುಚ್ಚುಮದ್ದಿಗೆ ಮುನ್ನ ಔಷಧದ ಹೆಸರು ಕೇಳಿ, ಕಡತದಲ್ಲಿ ಬರೆದುಕೊಳ್ಳಿ.

3. ಎಂ.ಡಿ.ಆರ್. 1 ಪರೀಕ್ಷೆ ಒಮ್ಮೆ ಮಾಡಿಸಿ. ಅಲ್ಲಿಯವರೆಗೆ ದೋಷ ಇದೆಯೆಂದೇ ಭಾವಿಸಿ.

4. ದಿನವೂ ಉಣ್ಣಿ ಹುಡುಕಿ. ಕೂದಲು ಬಾಚಿ, ಬೋಳಿಸಬೇಡಿ.

5. ಬಿಸಿಲೇರುವ ಮುನ್ನ ನಡಿಗೆ ಮುಗಿಸಿ. ಸದಾ ನೀರು ಮತ್ತು ಗಾಳಿ ಇರಲಿ.

6. ರೇಬೀಸ್ ಮತ್ತು ಲೆಪ್ಟೊ ಲಸಿಕೆಯ ದಿನಾಂಕ ತಪ್ಪಿಸಬೇಡಿ.

ತನಗೇನು ಕೊಡುತ್ತಿದ್ದಾರೆಂದು ನಾಯಿ ಕೇಳಲಾರದು. ಅದರ ಪರವಾಗಿ ಆ ಪ್ರಶ್ನೆಯನ್ನು ಕೇಳಬೇಕಾದವರು ಮನೆಯವರೇ. ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ, ಒಳ್ಳೆಯ ವೈದ್ಯರು ಅದನ್ನು ಸಂತೋಷದಿಂದಲೇ ಸ್ವೀಕರಿಸುತ್ತಾರೆ.